ವಾಸನೆಗೊಬ್ಬ ವಾರಸುದಾರ

ಎಳ್ಳಮವಾಸಿ ದಿನ ನಮ್ಮ ಕಡೆ ಊಟ ಹೊಲದಲ್ಲೇ. ಅಫಜಲಪುರದಿಂದ ಅರ್ಧ ತಾಸಿನ ದಾರಿಯಲ್ಲಿ ನನ್ನ ಗೆಳೆಯನ ಎರಿ ಹೊಲ ಇದೆ. ಜೋಳದ ದಂಟಿನ ಕೊಂಪೆ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು. ಅವೇ ಪಾಂಡವರು. ಪೂಜೆ ಮುಗಿದು, ಹೊಲಕ್ಕೆ ಎಡೆಯ ಚರಗ ಚೆಲ್ಲಿ ಬಂದ ಮೇಲೆ ಎಲ್ಲರೂ ಸಾಲಾಗಿ ಕೂತೆವು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ. ಭಜ್ಜಿ ಎಂದರೆ ಬೆಂಗಳೂರಿನವರು ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ಇದು ಅದಲ್ಲ. ಹಸಿ ತೊಗರಿಕಾಳು, ಅವರೆ, ಕಡಲೆ, ಬದನೆ, ಕೈಗೆ ಸಿಕ್ಕ ಸೊಪ್ಪು, ಹುಣಸೆಹುಳಿ, ಕಡಲೆಹಿಟ್ಟು ಎಲ್ಲ ಒಂದೇ ಬೋಗುಣಿಯಲ್ಲಿ ಕುದ್ದು ಗಟ್ಟಿಯಾದ ಪದಾರ್ಥ. ರುಚಿಗೆ ಸಾಟಿಯಿಲ್ಲ. ರೂಪದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೇಳಿದವನು ಆ ಮನೆಯ ಆರು ವರ್ಷದ ಮೊಮ್ಮಗ. ತಟ್ಟೆಗೆ ಬಿದ್ದದ್ದನ್ನು ಬೆರಳಿಂದ ತೋರಿಸಿ, "ಎಮ್ಮಿ ಹಿಂದ ಬಿದ್ದಿದ್ದು ಇಲ್ಲಿ ಹೆಂಗ ಬಂತು?" ಎಂದ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆಳಂದದಿಂದ ಬಂದಿದ್ದ ನಿವೃತ್ತ ಕನ್ನಡ ಮಾಸ್ತರು ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಜೇವರ್ಗಿಯಿಂದ ಬಂದಿದ್ದ ಹುಡುಗಿಯೊಬ್ಬಳು ಎಡಗೈಯಲ್ಲಿ ಚೀಲ ಜಗ್ಗಿ ನೋಟುಬುಕ್ಕು ತೆಗೆದಳು. ಕಲಬುರಗಿಯಲ್ಲಿ ಚಿತ್ರಕಲೆ ಕಲಿತವಳು, ನಮ್ಮ ಕಡೆಯ ಮಾತಿನಲ್ಲಿ ಒಂದು ಮನೆಯ ಕಥೆಯನ್ನು ನಾಲ್ಕು ನಾಲ್ಕು ಚೌಕದ ಚಿತ್ರಪಟ್ಟಿಯಾಗಿ ಬರೆಯುತ್ತಿದ್ದಾಳೆ. ಉಂಡ ಕೈ ಒಣಗುವವರೆಗೂ ಇಬ್ಬರ ನಡುವೆ ನಡೆದ ಮಾತನ್ನು ನೆನಪಿದ್ದಷ್ಟು ಇಲ್ಲಿ ಇಟ್ಟಿದ್ದೇನೆ.

ಮಾಸ್ತರು: ಕೇಳ್ದಿ? ಇದು ಟೀವಿ ಕಲಿಸಿದ ಮಾತು. ಆ ಜಪಾನಿ ಹುಡುಗ ಅದಾನಲ್ಲ, ಚಡ್ಡಿ ಇಳಿಸಿ ಕುಣಿಯಾಂವ, ಅವನ ಪುಣ್ಯ. ಊಟದ ಮುಂದ ಸೆಗಣಿ ಸುದ್ದಿ!

ಹುಡುಗಿ: ಶಿನ್‌ಚಾನ್‌ಗ ಎಮ್ಮಿ ಎಲ್ಲಿ ಗೊತ್ತದರಿ ಸರ? ಮಾತು ಇವಂದೇ. ಮನಿ ಮುಂದ ಎಮ್ಮಿ ಅದ, ದಿನಾ ನೋಡ್ತಾನ, ಹೋಲಿಸಿದ. ನೀವೇ ಸಾಲ್ಯಾಗ ಕಲಿಸ್ತಿದ್ರಿ, ಉಪಮಾಲಂಕಾರ ಅಂತ.

ಮಾಸ್ತರು: ಉಪಮಾನಕ್ಕೂ ಔಚಿತ್ಯ ಬೇಕು ಅಂತನೂ ಕಲಿಸ್ತಿದ್ದೆ. ಅದನ್ನ ಮರತಿ.

ಹುಡುಗಿ: ಆಯಿ ಏನಂದ್ಳು, ಅದು ಕಿವಿಗೆ ಬಿತ್ತಿಲ್ಲೋ? "ಎಮ್ಮಿ ಹಾಕಿದ್ದು ಬಳಿಯಾಕಿ ನಾನೇ, ಇದು ಕುದಿಸಿದಾಕಿ ನಾನೇ, ಯಾವುದು ಯಾವುದಂತ ನನಗ ಗೊತ್ತದ, ನೀ ತಿನ್ನು" ಅಂದ್ಳು. ನನಗ ಬೇಕಾಗಿದ್ದು ಅದು. ಅರವತ್ತು ವರ್ಷದ ಬಾಳೇವು ಒಂದು ಮಾತಿನಾಗ ಬಂತು. ಹುಡುಗ ಹೊಲಸು ಮಾತಾಡದಿದ್ರ ಆಕಿ ಬಾಯಿಂದ ಅದು ಬರ್ತಿತ್ತೇನು?

ಮಾಸ್ತರು: ನೀ ಚಿತ್ರ ತಗಿಯಾಕಿ, ನಿನಗ ಎಲ್ಲಾನೂ ಸಾಮಾನು. ನಮ್ಮ ಕಾಲಕ್ಕ ಮಂದಿನ್ನ ನಗಸಲಿಕ್ಕ ಗೊಣ್ಣಿ ಸುರಿಸೋದು ಬೇಕಾಗಿದ್ದಿಲ್ಲ. 1942ರಾಗ ಡಾಕ್ಟರ್ ಶಿವರಾಂ 'ಕೊರವಂಜಿ' ಸುರು ಮಾಡಿದ್ರು. ಆರ್.ಕೆ. ಲಕ್ಷ್ಮಣ್ ಇನ್ನೂ ಹುಡುಗ ಇದ್ದಾಗ ಅದಕ್ಕ ಚಿತ್ರ ಬರದಾರ. 1967ರಾಗ ನಿಂತು ಹೋಯ್ತು. ನಾ ಹಳೇ ಸಂಚಿಕಿ ರಟ್ಟು ಕಟ್ಟಿದ್ದು ಹುಡುಕ್ಯಾಡಿ ಓದಿದಾಂವ. ಆಮ್ಯಾಲ ಬೀಚಿ. ಅವರ ತಿಮ್ಮನ್ನ ಪೆದ್ದ ಅನ್ನು, ಜಾಣ ಅನ್ನು, ಅವನ ಪುಸ್ತಕ ಮನಿ ಮಂದಿ ನಡಕ ಇಟ್ಟು ಓದಬಹುದಿತ್ತು.

ಹುಡುಗಿ: ಶಿವರಾಂ ಅವರು ವೈದ್ಯರು. ದಿನ ಬೆಳಗಾದ್ರ ಅವರು ನೋಡಿದ್ದು ಕಫ, ಕೀವು, ಮಲ, ಮೂತ್ರ. ಅದು ಯಾವುದೂ ಪತ್ರಿಕೆಯ ನಗಿಯೊಳಗ ಬರಲಿಲ್ಲಂದ್ರ, ಅದು ಹೊರಗ ಕಾಲು ತೊಳಕೊಂಡು ಒಳಗ ಬರೂ ನಗಿ. ಚೊಲೋ ಅದ, ಇಲ್ಲ ಅನ್ನಲ್ಲ. ಆದ್ರ ನಾನು ಬರಿಯೂ ಮುತ್ಯಾ ಕಾಲು ತೊಳಕೊಂಡು ಬರಂಗಿಲ್ರಿ. ತಂಬಾಕು ತಿಂತಾನ, ಕೆಮ್ಮತಾನ, ಕಿಟಕಿ ಯಾವ ಕಡೆ ಅದ ಅಂತ ನೋಡದ ಉಗುಳ್ತಾನ. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ದೇವರ ಚಿತ್ರ ತಗದ್ರಲ್ಲ, ಕ್ಯಾಲೆಂಡರಿನಾಗ ಮನಿಮನಿಗೆ ಹೋದವು. ಆ ಮೈಯಾಗ ಬೆವರಿಲ್ಲ. ದೇವರಿಗೆ ಬ್ಯಾಡ ಬಿಡ್ರಿ. ಮುತ್ಯಾಗ ಬೇಕು.

ಮಾಸ್ತರು: ಬೆವರು ಬೇರೆ, ಚಡ್ಡಿ ಇಳಿಸೋದು ಬೇರೆ. 2008ರಾಗ ಸರ್ಕಾರನೇ ಆ ಕಾರ್ಯಕ್ರಮ ನಿಲ್ಲಿಸಿತ್ತು, ಗೊತ್ತದೋ ಇಲ್ಲೋ?

ಹುಡುಗಿ: ಗೊತ್ತದ. ಮರುವರ್ಷ ಕತ್ತರಿ ಹಾಕಿಸಿಕೊಂಡು ತಿರುಗಿ ಬಂತು. ಜಪಾನದಾಗೂ ತಾಯಿ-ತಂದೆಗೋಳು ಅದಕ್ಕ ಬೈದಾರ, ಮಕ್ಕಳಿಗೆ ತೋರಿಸಬಾರದು ಅಂತ ಪಟ್ಟಿ ಮ್ಯಾಲಿಟ್ಟಾರ. ಇನ್ನೊಂದು ನಿಮಗ ಅನುಕೂಲ ಆಗೂದು ನಾನೇ ಹೇಳ್ತೀನಿ: ಯೊಶಿತೊ ಉಸುಯಿ ಅನ್ನಾಂವ 1990ರಾಗ ಅದನ್ನ ಸುರು ಮಾಡಿದ್ದು ದೊಡ್ಡವರು ಓದೂ ವಾರಪತ್ರಿಕೆಯಾಗ. ಟೀವಿಗೆ ಬಂದದ್ದು 1992ಕ್ಕ.

ಮಾಸ್ತರು: ನೋಡು! ದೊಡ್ಡವರ ಔಷಧ ಸಣ್ಣವರ ಬಾಯಿಗೆ ಹಾಕ್ಯಾರ. ನಮ್ಮ ಆಳಂದದಾಗ ಮನ್ಯಾಗ ಕನ್ನಡ, ಓಣ್ಯಾಗ ಉರ್ದು, ಬಜಾರದಾಗ ಮರಾಠಿ. ಈಗ ಹುಡುಗರು ಅವ್ವಗ ಎದುರು ಮಾತಾಡೂದಾದ್ರ ಶಿನ್‌ಚಾನ್‌ನ ಹಿಂದಿ. ಧ್ವನಿನೂ ಅವಂದೇ, ಮೂಗಿನಾಗ ಎಳೀತಾವ.

ಹುಡುಗಿ: ನೀವು ಹುಡುಗರಿದ್ದಾಗ ಗಡಿ ದಾಟಿ ತಮಾಷಾ ನೋಡಲಿಕ್ಕ ಹೋಗಿಲ್ಲೇನ್ರಿ? ಅಲ್ಲಿ ನಗಸೂ ಸೋಂಗಾಡ್ಯಾ ಏನು ವಚನ ಹೇಳ್ತಿದ್ದನೇನು?

ಮಾಸ್ತರು ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಮೀಸೆಯ ಒಂದು ತುದಿ ಅಲ್ಲಾಡಿದ್ದನ್ನು ನಾನು ನೋಡಿದೆ.

ಮಾಸ್ತರು: ವಿಷಯಕ್ಕ ಬಾ. ಹೊಲಸು ಜೋಕಿನಾಗ ಪಾತ್ರ ಬೆಳೀತದ ಅಂತಿ. ನಾ ಅಂತೀನಿ, ಹೊಲಸಿನ ಮುಂದ ಎಲ್ಲಾ ಪಾತ್ರ ಒಂದೇ. ಹೂಸು ಬಿಟ್ಟಾಂವ ರಾಜ ಆದ್ರೇನು, ಹಮಾಲ ಆದ್ರೇನು? ನಗಿ ಒಂದೇ. ಯಾರಂತ ಗೊತ್ತಿರೂ ಜರೂರಿಲ್ಲ. ಹಂಗಿದ್ದ ಮ್ಯಾಲ ಆಳ ಎಲ್ಲಿಂದ ಬಂತು?

ಹುಡುಗಿ: ಯಾರದು ಅಂತ ಗೊತ್ತಿಲ್ಲದಿದ್ರ ಬರಂಗಿಲ್ಲ, ಅದು ಖರೆ. ಆ ಶಿನ್‌ಚಾನ್‌ನ ಅಪ್ಪನ ಕಾಲುಚೀಲ ಅಂದ್ರ ಮನಿ ಮಂದಿ ಎಲ್ಲ ಮೂಗು ಮುಚ್ಚತಾರ. ವರ್ಷಗಟ್ಟಲೆ ಅದೇ ಜೋಕು. 2001ರಾಗ ಒಂದು ಸಿನಿಮಾ ಬಂತು, ಕೇಇಚಿ ಹಾರಾ ಮಾಡಿದ್ದು. ಊರಾಗ ಒಂದು ವಸ್ತುಪ್ರದರ್ಶನ ಇಟ್ಟಾರ, ಪೂರಾ ಹಿಂದಿನ ಕಾಲದ್ದು. ಹಳೇ ಓಣಿ, ಹಳೇ ಅಂಗಡಿ, ಹಳೇ ಹಾಡು. ದೊಡ್ಡವರು ಅಲ್ಲಿಗೆ ಹೋಗಿ ಹೋಗಿ ಮಳ್ಳ ಹಿಡಿದಂಗ ಆಗ್ತಾರ, ಸಣ್ಣ ಹುಡುಗರಾಗಿ ಬಿಡ್ತಾರ, ತಮ್ಮ ಮಕ್ಕಳನ್ನೇ ಮರೀತಾರ. ಅವರನ್ನ ಹಿಡಿದು ಇಟ್ಟಿದ್ದು ಏನು ಅಂತೀರಿ? ಹಳೇ ಕಾಲದ ವಾಸನಿ.

ಮಾಸ್ತರು: ವಾಸನಿನೋ, ವಾಸನೆಯೋ? ಪೂರ್ವಜನ್ಮ ವಾಸನೆ ಅಂತೀವಿ.

ಹುಡುಗಿ: ಎರಡೂ ಅನ್ರಿ. ಅಪ್ಪ 1970ರ ಒಸಾಕಾ ಪ್ರದರ್ಶನದಾಗ ನಿಂತ ಸಣ್ಣ ಹುಡುಗ ಆಗ್ಯಾನ. ಚಂದ್ರನ ಮ್ಯಾಲಿಂದ ತಂದ ಕಲ್ಲು ನೋಡಬೇಕಂತ ಅಳಲಕತ್ತಾನ, ಪಾಳಿ ಭಾಳ ಉದ್ದ ಅದ. ಐದು ವರ್ಷದ ಮಗ ಬಂದು, "ಅಪ್ಪಾ" ಅಂದ್ರ ಗುರ್ತೇ ಹಿಡಿಯಲ್ಲ. ಆಗ ಆ ಹುಡುಗ ಅಪ್ಪನ ಬೂಟು ತಗೊಂಡು ಅವನ ಮೂಗಿಗೇ ಹಿಡೀತಾನ.

ಮಾಸ್ತರು: ಥೂ.

ಹುಡುಗಿ: ನಾನೂ ಥೂ ಅಂದೆ. ಆಮ್ಯಾಲ ಮಾತೇ ಇಲ್ಲ, ಚಿತ್ರ ಅಷ್ಟೇ. ತನ್ನ ಅಪ್ಪನ ಸೈಕಲ್ ಹಿಂದ ಕೂತ ಹುಡುಗ. ದೊಡ್ಡಾಂವ ಆದ. ಊರು ಬಿಟ್ಟ. ನೌಕರಿ, ಸಾಹೇಬನ ಮುಂದ ತಲಿ ತಗ್ಗಿಸೋದು. ಮದಿವಿ, ಕೂಸು. ಬಿಸಿಲಾಗ ಅದೇ ಬೂಟು ಹಾಕ್ಕೊಂಡು ಗಿರಾಕಿ ಹಿಂದ ತಿರುಗೋದು. ಸಂಜಿಕ ಮನಿ ಬಾಗಲಾಗ ಬಂದು ಬೂಟು ಕಳಚೋದು. ಆ ವಾಸನಿ ಏನದ, ಅದು ಅವನ ದುಡಿಮಿ. ಅಷ್ಟೂ ವರ್ಷ ನಾವು ಯಾವುದಕ್ಕ ನಗಲಕತ್ತಿದ್ವಿ ಅಂತ ಅವಾಗ ತಿಳೀತದ. ಆ ಅಪ್ಪ ಅಕಿತಾ ಅಂಬೋ ಬಡಗಣ ಸೀಮೆಯವ, ಟೋಕಿಯೊ ಮಗ್ಗಲಕ್ಕ ದುಡೀಲಿಕ್ಕ ಬಂದಾಂವ. ನಮ್ಮ ಓಣ್ಯಾಗ ಪುಣೆ, ಮುಂಬೈ, ಬೆಂಗಳೂರಿಗೆ ಹೋದವರು ದೀಪಾವಳಿಗೆ ಬರ್ತಾರಲ್ರಿ, ಬಾಗಲಾಗ ಬೂಟು ಬಿಡ್ತಾರ. ನಾನು ಈಗ ಆ ಬೂಟು ನೋಡಿದ್ರ ಬೇರೆನೇ ನೋಡ್ತೀನಿ.

ಇಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪಕ್ಕದ ಹೊಲದಲ್ಲಿ ಯಾರೋ ತೊಗರಿ ಬಡಿಯುತ್ತಿದ್ದರು. ಮಾಸ್ತರು ತಮ್ಮ ಕಾಲನ್ನು ಮಡಿಚಿಕೊಂಡು ಚಪ್ಪಲಿಯನ್ನು ಚಾಪೆಯ ಹಿಂದೆ ಸರಿಸಿದರು.

ಮಾಸ್ತರು: ಚೊಲೋ ಹೇಳ್ದಿ. ಆ ಒಂದು ಸಿನಿಮಾದ ಕಣ್ಣೀರಿಗೆ ಹತ್ತು ವರ್ಷದ ಹೊಲಸು ಬೇಕಾಗಿತ್ತೇನು ಅಂತ ನಾ ಕೇಳವ.

ಹುಡುಗಿ: ಬೇಕಾಗಿತ್ತರಿ. ಹತ್ತು ವರ್ಷ ದಿನಾ ಒಂದೊಂದು ಪೈಸೆ ಹಾಕಿ ಕೂಡಿಟ್ಟಿದ್ರು, ಒಂದಿನ ಡಬ್ಬಿ ಒಡದ್ರು.

ಮಾಸ್ತರು: ಕೂಡಿಟ್ಟವರಿಗೆ ಡಬ್ಬಿ ಒಡದ ಲಾಭ. ಈ ಹುಡುಗ ಸಿನಿಮಾ ನೋಡ್ಯಾನೇನು? ಇಲ್ಲ. ಅವ ನೋಡೂದು ದಿನದಿನದ ಪೈಸೆ. ಚಡ್ಡಿ, ಹೂಸು, ಅವ್ವಗ ದಪ್ಪಕಿ ಅಂತ ಅನ್ನೂದು, ಅವ್ವ ತಲಿಗೆ ಗುದ್ದೂದು. ನಿನ್ನ ಆಳ ಎಲ್ಲೋ ಬ್ಯಾಂಕಿನಾಗ ಅದ, ಇವನ ಕಿಸೆದಾಗ ಇಲ್ಲ.

ಹುಡುಗಿ: ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಸಣ್ಣ ಉತ್ತರ ಅದ. ಅಮೆರಿಕದಾಗ 1985ರಿಂದ 1995ರ ತನಕ ಬಿಲ್ ವಾಟರ್ಸನ್ ಅನ್ನಾಂವ ಪೇಪರಿನಾಗ 'ಕ್ಯಾಲ್ವಿನ್ ಅಂಡ್ ಹಾಬ್ಸ್' ಬರೀತಿದ್ದ. ಕ್ಯಾಲ್ವಿನ್ ಆರು ವರ್ಷದಾಂವ, ನಮ್ಮ ಇವನ ವಾರಗಿ. ಊಟ ಅಂದ್ರ ಅಸಯ್ಯ. ತಾಯಿ ಒಂದು ಉಪಾಯ ಮಾಡ್ತಾಳ: ಅಡಿಗಿಗೆ ಹೇಸಿಗಿ ಹೆಸರು ಹೇಳ್ತಾಳ. ಹುಡುಗ ಚಪ್ಪರಿಸಿ ಉಣ್ತಾನ. ಆ ಹೆಸರು ಕೇಳಿದ ಅಪ್ಪಗ ಊಟ ಸೇರಲ್ಲ. ನಾಲ್ಕು ಚೌಕದಾಗ ಮೂರು ಮಂದಿ ಯಾರು ಯಾರು ಅಂತ ತಿಳೀತಿಲ್ರಿ? ಹೊಲಸು ಒಂದೇ, ಒಬ್ಬೊಬ್ಬರ ಮಾರಿ ಬ್ಯಾರೆ. ನೀವು ಹೊಲಸಿನ ಮುಂದ ಎಲ್ಲಾ ಪಾತ್ರ ಒಂದೇ ಅಂದ್ರಿ. ನಾ ಅಂತೀನಿ, ಒಬ್ಬ ಮನಶಾ ಯಾರಂತ ತಿಳೀಬೇಕಂದ್ರ ಅವನ ಮುಂದ ಹೊಲಸಿಡಬೇಕು.

ಮಾಸ್ತರು: ಅದೇ ಕ್ಯಾಲ್ವಿನ್‌ಗ ಒಂದು ಪ್ರಾಣಿ ಮರಿ ಸಿಗ್ತದಲ್ಲ, ಸಾಯ್ತದ. ನನ್ನ ಮಗ ಪುಸ್ತಕ ತಂದಿದ್ದ, ನಾನೂ ನೋಡೀನಿ.

ಹುಡುಗಿ: ರಕೂನ್ ಮರಿ. 1987ರಾಗ ಬಂದದ್ದು. ನೀವು ಓದೀರಿ!

ಮಾಸ್ತರು: ಓದೀನಿ, ಅದಕ್ಕ ಹೇಳ್ತೀನಿ. ಅದರಾಗ ಗೊಣ್ಣಿ ಇಲ್ಲ, ಸೆಗಣಿ ಇಲ್ಲ. ಒಂದು ರಟ್ಟಿನ ಡಬ್ಬಿ, ಒಳಗ ಗಾಯ ಆದ ಮರಿ, ಹೊರಗ ಒಬ್ಬ ಹುಡುಗ. ಅವಗ ಸಾವು ಅಂದ್ರೇನಂತ ಮೊದಲ ಸಲ ತಿಳೀತದ. ಎದಿಯಾಗ ಉಳಿಯೂದು ಅದು. ಹೇಸಿಗಿ ಜೋಕು ಬಾಯಿಗೆ ನೀರು, ಇದು ಹೊಟ್ಟಿಗೆ ಅನ್ನ.

ಹುಡುಗಿ: ಬಾಯಾಗ ನೀರಿಲ್ಲದ ಅನ್ನ ಇಳಿಯಂಗಿಲ್ರಿ ಸರ.

ಮಾಸ್ತರು: ಮಾತಿಗೆ ಮಾತು ಬ್ಯಾಡ. ಭರತ ಏನಂದಾನ ಕೇಳು. ಹಾಸ್ಯ ಹುಟ್ಟೂದು ಶೃಂಗಾರದಿಂದ. ಬೀಭತ್ಸದಿಂದ ಹುಟ್ಟೂದು ಭಯಾನಕ. ಜುಗುಪ್ಸೆಯಿಂದ ನಗಿ ಹುಟ್ಟತದ ಅಂತ ನಾಟ್ಯಶಾಸ್ತ್ರದಾಗ ಇಲ್ಲ. ಎರಡು ಸಾವಿರ ವರ್ಷದ ಹಿಂದ ಕೂತು ಇಷ್ಟು ಸೂಕ್ಷ್ಮ ನೋಡ್ಯಾರ.

ಹುಡುಗಿ: ಅದೇ ಪುಸ್ತಕದಾಗ ನಗಿ ಆರು ತರ ಅಂತನೂ ಅದಲ್ರಿ. ದೊಡ್ಡ ಮಂದಿಗೆ ಸ್ಮಿತ, ಹಸಿತ. ಹಲ್ಲು ಕಂಡೂ ಕಾಣದಂಗ. ನಡುವಿನವರಿಗೆ ವಿಹಸಿತ, ಉಪಹಸಿತ. ಅಧಮರಿಗೆ ಅಪಹಸಿತ, ಅತಿಹಸಿತ, ಕಣ್ಣಾಗ ನೀರು ಬರೂ ತನಕ. ನಗಿಗೂ ಜಾತಿ ಮಾಡ್ಯಾನ ನಿಮ್ಮ ಭರತ. ಇವತ್ತು ಭಜ್ಜಿ ಮಾತಿಗೆ ಈ ಹೊಲದಾಗ ನಕ್ಕವರೆಲ್ಲ ಅವನ ಲೆಕ್ಕಕ್ಕ ಅಧಮರು. ಆಯಿಗಂತೂ ಕಣ್ಣಾಗ ನೀರೇ ಬಂತು.

ಮಾಸ್ತರು: ಹ್ಞಂ. ಇದಕ್ಕ ನಾ ಎದುರು ಹೇಳಂಗಿಲ್ಲ.

ಹುಡುಗಿ: ಇನ್ನ ಜನ್ನ. 1209ರ 'ಯಶೋಧರ ಚರಿತೆ'. ರಾಣಿ ಅಮೃತಮತಿ ಮಾವುತನ ಹಾಡು ಕೇಳಿ ಮನಸು ಕೊಟ್ಳು. ಆ ಅಷ್ಟಾವಂಕನ ಮೈ ಹೆಂಗ ಅದ ಅಂತ ಜನ್ನ ಬಿಡಿಸಿ ಬಿಡಿಸಿ ಹೇಳ್ತಾನ, ಓದಿದ್ರ ಹೊಟ್ಟಿ ತೊಳಸ್ತದ. ಆ ಹೇಸಿಗಿ ಇಲ್ಲದಿದ್ರ ರಾಣಿ ಬರೇ ಒಬ್ಬ ಜಾರೆ. ಅದು ಇದ್ದದ್ದಕ್ಕ ಎಂಟುನೂರು ವರ್ಷ ಆದ್ರೂ ಆಕಿ ಯಾರಂತ ನಾವು ಜಗಳಾಡ್ಲಕತ್ತೀವಿ.

ಮಾಸ್ತರು: ಅಲ್ಲಿ ಜನ್ನಗ ಬೇಕಾಗಿದ್ದು ವೈರಾಗ್ಯ. ನಗಿ ಅಲ್ಲ. ಅದಿರಲಿ. ನಾ ಹೇಳಬೇಕಂದಿದ್ದು ಪುಸ್ತಕದ್ದಲ್ಲ. ಬೇರೆ ಅದ.

ಅವರು ಬೆನ್ನ ಹಿಂದಿನ ಚೀಲಕ್ಕೆ ಒರಗಿ, ಸ್ವಲ್ಪ ದನಿ ತಗ್ಗಿಸಿ ಹೇಳಿದರು. ಆಗ ಅವರು ಹುಡುಗಿಯ ಕಡೆ ನೋಡುತ್ತಿರಲಿಲ್ಲ.

ಮಾಸ್ತರು: ನಾ ನೌಕರಿಗೆ ಸೇರಿದ ಹೊಸದು. ಒಂದು ಊರಿನ ಸಾಲಿ, ಹೆಸರು ಬ್ಯಾಡ. ನಾಲ್ಕನೇ ಇಯತ್ತಾದಾಗ ಒಬ್ಬ ಹುಡುಗ ಇದ್ದ. ಅವನ ಮನಿಯವರು ಊರು ಬಳಿಯವರು. ಹುಡುಗರು ಅವನ್ನ ಕಂಡ್ರ ಮೂಗು ಮುಚ್ಚವರು, ಒಂದು ಅಡ್ಡಹೆಸರು ಇಟ್ಟಿದ್ರು. ಒಂದಿನ ತರಗತಿಯಾಗ ಯಾರೋ ಹೂಸು ಬಿಟ್ರು. ಇಡೀ ತರಗತಿ ಆ ಅಡ್ಡಹೆಸರು ಕೂಗಿ ನಕ್ಕಿತು. ನಾನೂ ನಕ್ಕೆ. ಹುಡುಗರ ಆಟ ಅಂತ ನಕ್ಕೆ. ಆ ಹುಡುಗ ಅತ್ತಿದ್ರ ನಾ ಬೈತಿದ್ದೆ. ಅವ ಅಳಲಿಲ್ಲ. ಎಲ್ಲರಕಿಂತ ಜೋರಾಗಿ ಅವನೇ ನಕ್ಕ.

ಹುಡುಗಿ: ...

ಮಾಸ್ತರು: ಜಪಾನದಾಗ ಹೊಲಸು ಅಂದ್ರ ಅಪ್ಪನ ಕಾಲುಚೀಲ. ನಮ್ಮಲ್ಲಿ ಹೊಲಸು ಅಂದ್ರ ಒಂದು ಓಣಿ. 1993ರಾಗ ಮಲ ಹೊರಸೂದು ಬಂದ್ ಅಂತ ಕಾನೂನು ಬಂತು. ಸಾಲಲಿಲ್ಲ ಅಂತ 2013ರಾಗ ಇನ್ನೊಂದು ಬಂತು. ಎರಡು ಸಲ ಕಾನೂನು ಮಾಡಬೇಕಾಯ್ತಂದ್ರ ತಿಳಕೋ. ಇಂಥಾ ನೆಲದಾಗ ನೀ ಗಟಾರದ ಜೋಕು ಹೇಳ್ದಿ ಅಂದ್ರ, ನೀ ಬರಿಯದಿದ್ರೂ ಅಲ್ಲಿ ಒಬ್ಬ ಮನಶಾ ನಿಂತಿರ್ತಾನ. ನಗಿ ಅವನ ಮ್ಯಾಲ ಹೋಗಿ ಬೀಳ್ತದ. ನನಗ ಹೊಲಸು ಜೋಕು ಸೇರಲ್ಲ ಅಂದ್ರ ನೀ ಮಡಿವಂತಿಕಿ ಅಂತ ತಿಳ್ದಿ. ಮಡಿವಂತಿಕಿನೂ ಇರಬಹುದು, ಪೂರಾ ಅದೇ ಅಲ್ಲ.

ಹುಡುಗಿ: ಸರ, ಅದಕ್ಕ ನಾ ಯಾರದು, ಯಾರದು ಅಂತ ಕೇಳ್ಲಕತ್ತೀನಿ. ಆ ಹುಡುಗ ಬಿಟ್ಟ ಹೂಸಲ್ಲ ಅದು. ಯಾರದೋ ಹೊಲಸು ತಂದು ಅವನ ತಲಿಗೆ ಕಟ್ಟಿದ್ರು. ಕಾಲುಚೀಲ ಅಪ್ಪಂದೇ, ನಗವರು ಅವನ ಹೇಣ್ತಿ-ಮಕ್ಕಳೇ, ರಾತ್ರಿ ಅದೇ ಮಂದಿ ಅವನ ಮಗ್ಗಲಕ್ಕ ಮಲಗ್ತಾರ. ವಾಸನಿಗೆ ವಾರಸುದಾರ ಇದ್ದಾನ. ನಾ ಅಷ್ಟೇ ನಿಯಮ ಇಟ್ಟೀನಿ: ಮನಿಯೊಳಗಿನ ಹೊಲಸು ಮನಿಯವರದೇ ಇರಬೇಕು. ಹೊರಗಿನವರ ಮ್ಯಾಲ ಚೆಲ್ಲಬಾರದು.

ಮಾಸ್ತರು: ಮನಿಯವರದೇ ಅಂದ್ರ ಮನಿ ಬಳಿಯವರು ಯಾರು? ನಿನ್ನ ಚಿತ್ರದಾಗ ಮುತ್ಯಾ ಕಿಟಕಿಯಾಗ ಉಗುಳ್ತಾನಂದಿ. ಒರಸವರು?

ಹುಡುಗಿ ನೋಟುಬುಕ್ಕಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. ನಾನೂ ಬಗ್ಗಿ ನೋಡಿದೆ. ಮುತ್ಯಾ ಇದ್ದ, ದೊಡ್ಡ ಮೂಗು, ಗಂಟಲ ಮಣಿ ಮೇಲೆ ಕೆಳಗೆ ಓಡಾಡುವುದು ಕೂಡ ಎರಡು ಗೀಟಿನಲ್ಲಿ ಬಂದಿತ್ತು. ಗೊಣ್ಣೆ ಸುರಿಸುವ ಹುಡುಗ ಇದ್ದ. ಕರೆಂಟಿನ ಕಂಬ ಹತ್ತಿ ಬಂದು ಅಂಗಿ ಹಿಂಡುವ ಅಪ್ಪ ಇದ್ದ. ಅವ್ವ ಪ್ರತಿ ಚೌಕದಲ್ಲೂ ಒಂದೇ ಥರ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ.

ಹುಡುಗಿ: ಇಲ್ಲೇ ನಾ ಸಿಕ್ಕೊಂಡೀನಿ. ಮುತ್ಯಾ ಉಗುಳಿದ್ರ ಮಂದಿ ನಗತಾರ, ಫೋನಿನಾಗ ಹಂಚತಾರ. ಅಪ್ಪನ ಬಗಲ ವಾಸನಿಗೂ ನಗತಾರ. ಒಂದ್ಸಲ ಅವ್ವ ಹೂಸು ಬಿಟ್ಟಂಗ ಬರದೆ. ನಮ್ಮ ಮನ್ಯಾಗೇ ಜಗಳ ಆಯ್ತು. ನಮ್ಮ ಅವ್ವ ಎರಡು ದಿನ ಮಾತಾಡಲಿಲ್ಲ. ಹೆಣ್ಮಗಳಿಗೆ ಹೊಟ್ಟಿ ಇಲ್ಲೇನು? ಶಿನ್‌ಚಾನ್‌ನ ಅವ್ವಗ ಮಲಬದ್ಧತೆ ಅಂತ ಜೋಕು ಮಾಡ್ತಾರ, ನೋಡಿ ನಾ ಖುಷಿ ಆದೆ. ನನ್ನ ಅವ್ವಗ ಅದು ಕೊಡಲಿಕ್ಕ ಧೈರ್ಯ ಸಾಲಲಿಲ್ಲ. ಮೈ ಇಲ್ಲದಾಕಿಗೆ ಆಳ ಹೆಂಗ ಬರಬೇಕು?

ಮಾಸ್ತರು: ನಿಮ್ಮ ಅವ್ವಗ ಬ್ಯಾಡಾಗಿತ್ತು ಅಂದ್ರ ಅದೂ ಒಂದು ಉತ್ತರ ಅಲ್ಲೇನು? ಎಲ್ಲರೂ ಬಯಲಾಗಬೇಕಂತ ನೀ ಯಾಕ ಹಟ ಹಿಡೀತಿ?

ಇಷ್ಟು ಹೊತ್ತೂ ಬೋಗುಣಿ ತಿಕ್ಕುತ್ತ ಕೂತಿದ್ದ ಮನೆಯಾಕೆ, ನನ್ನ ಗೆಳೆಯನ ಹೆಂಡತಿ, ಆ ಮೊಮ್ಮಗನ ಆಯಿ, ಬೂದಿ ಕೈ ಹಾಗೇ ಎತ್ತಿಕೊಂಡು ಇತ್ತ ತಿರುಗಿದರು.

ಮನೆಯಾಕೆ: ಅಲ್ಲ, ಭಾಳ ಹೊತ್ತಾಯ್ತು ಕೇಳ್ಲಕತ್ತು. ಹೊಲಸು, ಹೊಲಸು ಅಂತ ಕುಂತೀರಿ. ನಾ ಒಂದು ಹೇಳ್ಲೇನು? ಮಾಸ್ತರ ಮುಂದ ಹೇಳಬಾರದು, ಆದ್ರೂ ಹೇಳ್ತೀನಿ.

ಮಾಸ್ತರು: ಹೇಳಮ್ಮಾ. ಇವತ್ತು ಏನೇನೋ ಕೇಳೀನಿ.

ಮನೆಯಾಕೆ: ನಾ ಮದಿವ್ಯಾಗಿ ಈ ಊರಿಗೆ ಬಂದಾಗ ಮನ್ಯಾಗ ಸಂಡಾಸ ಇದ್ದಿಲ್ಲ. ಹಬ್ಬದ ಹಗಲಿಗೆ ಚರಗ, ದಿನದ ರಾತ್ರಿಗೆ ಚರಗಿ. ಹೊತ್ತು ಮುಣುಗೂ ತನಕ ಹೊಟ್ಟಿ ಹಿಡಕೊಂಡು ಕೂಡೂದು. ಆಮ್ಯಾಲ ಅತ್ತಿ, ನೆಗೆಣ್ಣಿ, ಓಣಿ ಹೆಣ್ಮಕ್ಕಳು ಐದಾರು ಮಂದಿ ಕೂಡಿ ರಸ್ತೆ ಬದಿಗೆ. ಕಬ್ಬಿನ ಹಂಗಾಮು ಬಂತಂದ್ರ ಮುಗೀತು. ಲಾರಿ, ಟ್ರ್ಯಾಕ್ಟರ್, ಸಾಲಿಗೆ ಸಾಲು. ಲೈಟ್ ಬಿತ್ತಂದ್ರ ದಡಕ್ಕನ ಎಲ್ಲರೂ ಎದ್ದು ನಿಲ್ಲೂದು. ಅದು ಹೋಯ್ತು, ಕೂಡೂದು. ಹಿಂದ ಇನ್ನೊಂದು ಬಂತು, ಮತ್ತ ಏಳೂದು. ಒಂದಿನ ಹಂಗ ಎಂಟೊಂಬತ್ತು ಸಲ ಎದ್ವಿ. ಕತ್ತಲಾಗ ನಮ್ಮ ಅತ್ತಿ ಅಂದ್ಳು, "ಏ, ಇಷ್ಟು ಸಲ ಎದ್ದು ನಿಂತ್ರ ಕಬ್ಬಿನ ಗಾಡಿಯಾಂವ ತಾನೇ ಮಂತ್ರಿ ಅಂತ ತಿಳಕೋತಾನ."

ಹೇಳಿ ಮುಗಿಸುವ ಮೊದಲೇ ಅವರಿಗೆ ನಗು ಬಂತು. ಬೂದಿ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡರು. ಹುಡುಗಿ ನಕ್ಕಳು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನಗಬೇಕೋ ಬೇಡವೋ ಎಂದು ಮಾಸ್ತರ ಮುಖ ನೋಡಿದ್ದು ನೆನಪಿದೆ. ಮಾಸ್ತರು ನಗಲಿಲ್ಲ.

ಮಾಸ್ತರು: ಅದು ನಗೂ ಮಾತಲ್ಲವಾ.

ಮನೆಯಾಕೆ: ನಗದ ಏನು ಮಾಡಬೇಕಿತ್ತರಿ? ಅಳಬೇಕಂದ್ರ ಅಲ್ಲೂ ಲೈಟ್ ಬೀಳ್ತಿತ್ತು.

ಹುಡುಗಿ: ಕಾಕಿ, ಇದು ನಾ ಬರೀಲೇನು?

ಮನೆಯಾಕೆ: ಬರಿ. ಅತ್ತಿ ಮಾತು ಅತ್ತಿದೇ ಅಂತ ಬರಿ, ನಂದಂತ ಬರೀಬ್ಯಾಡ. ಆಕಿ ಹೋಗಿ ಆರು ವರ್ಷ ಆಯ್ತು, ಜಗಳಕ್ಕ ಬರಂಗಿಲ್ಲ. ಆದ್ರ ನಮ್ಮ ಮಾರಿ ತಗೀಬ್ಯಾಡ.

ಮಾಸ್ತರು: ಕೇಳ್ದಿ? ಮಾರಿ ಬ್ಯಾಡ ಅಂದ್ಳು. ಮಾರಿ ಇಲ್ಲದ ಪಾತ್ರಕ್ಕ ಆಳ ಎಲ್ಲಿಂದ ತರ್ತಿ?

ಹುಡುಗಿ: ಬೆನ್ನಿನಾಗ ತರ್ತೀನಿ. ಬರಲಿಲ್ಲಂದ್ರ ನೀವು ಗೆದ್ದಂಗ.

ಮಾಸ್ತರು: ನಗಸಲಿಕ್ಕ ಬರೀತಿಯೋ, ನಾಚಿಕಿ ಬರಸಲಿಕ್ಕೋ, ಮೊದಲ ಗಟ್ಟಿ ಮಾಡ್ಕೋ. ಎರಡೂ ಒಂದೇ ಚೌಕದಾಗ ಹಿಡಿಯಂಗಿಲ್ಲ.

ಹುಡುಗಿ: ಚೌಕ ನಾಲ್ಕು ಅವರಿ ಸರ.

ಅಷ್ಟರಲ್ಲಿ ಆ ಆರು ವರ್ಷದವನು ಬಂದು ಎರಡನೇ ಸಲ ಭಜ್ಜಿ ಕೇಳಿದ. ಮಾಸ್ತರೇ ಬಡಿಸಿದರು. "ಏನದು?" ಎಂದು ಅವನನ್ನು ಕೇಳಿದರು. ಅವನು ಅಜ್ಜಿಯ ಕಡೆ ಒಮ್ಮೆ ನೋಡಿ, "ಭಜ್ಜಿ" ಎಂದ. ಮಾಸ್ತರಿಗೆ ಅದರಿಂದ ಸಮಾಧಾನವಾಯಿತೋ ನಿರಾಸೆಯಾಯಿತೋ ಹೇಳಲಾರೆ.

ಮುಂದಿನ ತಿಂಗಳು ಹುಡುಗಿ ಚಿತ್ರ ಮುಗಿಸಿ ನನ್ನ ಫೋನಿಗೆ ಕಳಿಸಿದಳು. ಮೊದಲ ಚೌಕದಲ್ಲಿ ಬೆಳಕು, ನಮ್ಮ ಕಡೆ ಬೆನ್ನು ಮಾಡಿ ಸಾಲಾಗಿ ನಿಂತ ಐದು ಸೀರೆ, ಕೆಳಗೆ ಐದು ಚರಗಿ. ಎರಡನೆಯದು ಪೂರ್ತಿ ಕಪ್ಪು. ಮೂರನೆಯದರಲ್ಲಿ ಮತ್ತೆ ಬೆಳಕು, ಮತ್ತೆ ಐದು ಸೀರೆ; ತುದಿಯಲ್ಲಿರುವ ಮುದುಕಿಯ ಬೆನ್ನು ಮಾತ್ರ ಏಳುವುದಕ್ಕೆ ಬೇಸತ್ತು ಅರ್ಧಕ್ಕೇ ಬಾಗಿದೆ. ನಾಲ್ಕನೆಯ ಚೌಕ ಮತ್ತೆ ಕಪ್ಪು, ಅದರೊಳಗೆ ಬಿಳಿಯ ಮಾತಿನ ಗುಳ್ಳೆ, ಗುಳ್ಳೆಯೊಳಗೆ ಅತ್ತೆಯ ಮಾತು. ಒರೆಸುವ ಬಟ್ಟೆ ಎಲ್ಲೂ ಇಲ್ಲ.

ಮಾಸ್ತರಿಗೂ ಕಳಿಸಿದ್ದಾಳಂತೆ. ಎರಡು ನೀಲಿ ಗೀಟು ಬಿದ್ದು ಹದಿನೈದು ದಿನವಾಯಿತು. ಉತ್ತರ ಬಂದಿಲ್ಲ.